ಹಿಂಬಾಗಿಲು ತೆರೆಯುವ ಸೈಕಲ್ ಸ್ಟ್ಯಾಂಡು

ನನ್ನ ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಮಗಳ ರೇಸಿಂಗ್ ಸೈಕಲ್ಲನ್ನು ನಮ್ಮ ವ್ಯಾನಿನ ಟಾಪಿನ ಮೇಲೆ ಎತ್ತಿ ಕಟ್ಟುತ್ತಿದ್ದವರು ಅವರೇ. ನಾನು ಕುಳ್ಳಿ, ಅಲ್ಲಿಗೆ ನನ್ನ ಕೈ ನಿಲುಕುವುದಿಲ್ಲ. ಒಳಗೆ ಇಡೋಣವೆಂದರೆ ಹಿಂದಿನ ಜಾಗದಲ್ಲಿ ಅತ್ತೆಯ ಗಾಲಿಕುರ್ಚಿ. ಕಾಲಿನ ವ್ಯಾಯಾಮಕ್ಕೆಂದು ವಾರಕ್ಕೊಮ್ಮೆ ಅವರನ್ನು ಸವಣೂರಿನಿಂದ ಹಾನಗಲ್ಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಮಗಳು ಪಂದ್ಯಗಳ ಮಾತೆತ್ತುವುದನ್ನೇ ಬಿಟ್ಟಿದ್ದಳು. ಅದು ನನ್ನ ಗಮನಕ್ಕೆ ಬಂದದ್ದು, ಹಿರೇಕೆರೂರಿನ ಪಂದ್ಯಕ್ಕೆ ಇವಳ ಹೆಸರು ಯಾಕೆ ಬಂದಿಲ್ಲ ಎಂದು ಅವಳ ಟೀಚರು ಫೋನ್ ಮಾಡಿದಾಗ.

ಆಗ ನನಗೆ ದುಃಖವೇನೂ ಆಗಲಿಲ್ಲ. ಮಾಡಲು ಒಂದು ಕೆಲಸ ಸಿಕ್ಕಿತು, ಅಷ್ಟೆ.

ಶಿಗ್ಗಾಂವಿಯ ಹೆದ್ದಾರಿ ಬದಿಯ ಗ್ಯಾರೇಜಿಗೆ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಮಾಲೀಕ ಬಗ್ಗಿ ವ್ಯಾನಿನ ಕೆಳಗೆ ನೋಡಿದ. ತಳದ ಚಾಸಿಗೆ ಬೋಲ್ಟ್ ಬಿಗಿದು ಹಿಚ್ ಎಂಬ ಕಬ್ಬಿಣದ ಕೊಂಡಿ ಕೂರಿಸಿ, ಅದರ ಬಾಯಿಗೆ ಗಾಡಿಯ ಹಿಂದೆ ಸೈಕಲ್ ಹೊರುವ ಸ್ಟ್ಯಾಂಡು ಸಿಗಿಸುವುದು ಎಂದು ತೋರಿಸಿದ. ಅದರಲ್ಲಿ ಮೂರು ಬಗೆ. ಮೊದಲನೆಯದು ಅಲ್ಲಾಡುವುದೇ ಇಲ್ಲ; ಸೈಕಲ್ ಇಳಿಸದೆ ಹಿಂಬಾಗಿಲು ತೆರೆಯದು. ಎರಡನೆಯದು ಸೈಕಲ್ ಸಮೇತ ಹಿಂದಕ್ಕೆ ಬಾಗುತ್ತದೆ.

"ಇದನ್ನ ಒಯ್ರಿ ಅಕ್ಕಾರ. ಬಾಗಲಾ ಆರಾಮ ತೆರಿತೈತಿ."

ಹಿಚ್ ಬಿಗಿದು ಅದನ್ನು ಸಿಗಿಸಿ ನೋಡಿದಾಗ ಬಾಗಿಲೇನೋ ತೆರೆಯಿತು. ಆದರೆ ಬಾಗಿದ ಸ್ಟ್ಯಾಂಡು ನನಗೂ ಗಾಡಿಗೂ ನಡುವೆ ಅಡ್ಡ ಬಂತು. ಅದರಾಚೆಯಿಂದ ಕೈ ಚಾಚಿದರೆ ಗಾಲಿಕುರ್ಚಿ ಕೈಗೆ ಸಿಕ್ಕಿತೇ ಹೊರತು ಎತ್ತಲಾಗಲಿಲ್ಲ.

"ಇದು ನನಗ ಆಗೂದಿಲ್ಲರಿ," ಎಂದೆ.

ಮೂರನೆಯದು ಗೇಟಿನಂತೆ ಪಕ್ಕಕ್ಕೆ ಹೊರಳುವಂಥದ್ದು. ಪಿನ್ ತೆಗೆದು ತಳ್ಳಿದರೆ ಹಿಂದೆಲ್ಲ ಖಾಲಿ. ತೂಕ ಜಾಸ್ತಿ, ತಗ್ಗು ಬಂದಾಗ ಸ್ವಲ್ಪ ಅಲ್ಲಾಡುತ್ತದೆ ಎಂದು ಮಾಲೀಕ ಮುಚ್ಚಿಡದೆ ಹೇಳಿದ. ಆಮೇಲೆ, "ಒಮ್ಮೆ ಯಜಮಾನ್ರನ್ನ ಕರಕೊಂಡು ಬರ್ರಿ, ಅವರೂ ನೋಡ್ಲಿ," ಎಂದ.

"ಅವರಿಗೆ ಪುರಸೊತ್ತಿಲ್ಲರಿ."

ಯಾಕೆ ಹಾಗಂದೆನೋ. ನಾಲಿಗೆ ತಡವರಿಸಲೂ ಇಲ್ಲ. "ಇದನ್ನ ಹಾಕ್ರಿ. ನಂಬರ್ ಪ್ಲೇಟ್ ಕಾಣುವಂಗ ಇರಲಿ," ಎಂದೆ.

ವಾಪಸು ಬರುವಾಗ ಸವಣೂರಿನ ರಸ್ತೆಗೆ ಹೊರಳಿದೆವು. ಗ್ಯಾರೇಜಿನಲ್ಲಿ ಅತ್ತೆಯ ಕಿಟಕಿ ತೆರೆದೇ ಇತ್ತು, ಮಾತೆಲ್ಲ ಅವರಿಗೆ ಕೇಳಿಸಿತ್ತು.

"ನಾನೂ ಹಂಗ ಹೇಳ್ತೇನವ್ವಾ," ಎಂದರು. "ಆಸ್ಪತ್ರ್ಯಾಗ ಯಾರರೆ ಕೇಳಿದ್ರ, ಮಗ ಊರಾಗಿಲ್ಲ ಅಂತೇನಿ."

"ಹೂಂ ಅತ್ತಿ," ಎಂದೆ. ಇನ್ನೇನಾದರೂ ಹೇಳಬೇಕಿತ್ತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಗಾಡಿ ಪಕ್ಕಕ್ಕೆ ತೆಗೆದುಕೊಂಡೆ.

ಟೀಚರಿಗೆ ಹೇಳಿ ಮಗಳ ಹೆಸರು ಸೇರಿಸಿ, ಪಂದ್ಯಕ್ಕೆ ಮೂವರೂ ಹೋದೆವು. ಹಂಸಭಾವಿ ದಾಟುವವರೆಗೂ ಮಗಳು ಮತ್ತೆ ಮತ್ತೆ ಹಿಂದಿನ ಗಾಜಿನಲ್ಲಿ ಸೈಕಲ್ ನೋಡುತ್ತಿದ್ದಳು. "ಎಲ್ಲೂ ಬಿದ್ದಿಲ್ಲ, ಸುಮ್ನ ಕುಂಡ್ರು," ಎಂದು ಅತ್ತೆ ಗದರಿದರು. ಹಿರೇಕೆರೂರಿನಲ್ಲಿ ಸ್ಟ್ಯಾಂಡು ಸರಿಸಿ, ಬಾಗಿಲೆತ್ತಿ, ಒಬ್ಬಳೇ ಕುರ್ಚಿ ಇಳಿಸಿದೆ.

ಮಗಳು ಒಂಬತ್ತನೆಯವಳಾಗಿ ಬಂದಳು. ಅತ್ತೆ ಸೆರಗಿನಿಂದ ಅವಳ ಬೆವರು ಒರೆಸಿದರು. ಅದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳು ಜೋರಾಗಿ ಅತ್ತುಬಿಟ್ಟಳು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನದಿಂದ ಅವಳು ಅತ್ತಿರಲಿಲ್ಲ. ಅತ್ತೆಯೂ ಅತ್ತರು. ನಾನು ಸೈಕಲ್ ಹಿಡಿದು ನಿಂತಿದ್ದೆ. ನನ್ನ ಕಣ್ಣು ಒಣಗಿಯೇ ಇತ್ತು. ಚಕ್ರಕ್ಕೆ ಹತ್ತಿದ್ದ ಕೆಸರನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದೆ.

ಹೊರಡುವಾಗ ಮಗಳು ಕೇಳಿದಳು, "ಅವ್ವಾ, ಮುಂದಿನದಕ್ಕೂ ಹೆಸರು ಕೊಡ್ಲೇನು?"

"ಕೊಡು," ಎಂದೆ.