ಗಂಡ ಅಳಿಸಿದ ಫೋಟೊ

ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕುಯ್ದೆ. ರೇಷ್ಮೆ ಹುಳುವಿನ ಹಿಕ್ಕೆ ತೆಗೆದು ಸುಣ್ಣ ಚೆಲ್ಲಿದೆ. ಹಾಲು ಕರೆದು ಡೇರಿಗೆ ಹಾಕಿದೆ, ಹುರುಳಿ ನೆನೆಸಿಟ್ಟೆ. ಆಮೇಲೆ ಸೀರೆ ಬದಲಾಯಿಸಿ, ಮಾಗಡಿ ಬಸ್ಸು ಹತ್ತಿ ಮಗಳ ಹೈಸ್ಕೂಲಿಗೆ ಹೋದೆ.

ಸೋಮವಾರದಿಂದ ಅವಳು ಶಾಲೆಗೆ ಹೋಗಿಲ್ಲ. ಇನ್ನು ಹೋಗುವುದೇ ಇಲ್ಲ ಅನ್ನುತ್ತಾಳೆ. ಸೊಪ್ಪು ಹಾಕುತ್ತಿದ್ದ ಅವಳ ಫೋಟೊಗೆ, ಮುಖದ ತುಂಬ ಹುಳುವಿನ ಚಿತ್ರ ಅಂಟಿಸಿ, ಸುಳ್ಳು ಹೆಸರಿನಲ್ಲಿ ಯಾರೋ ಕ್ಲಾಸಿನ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕಿದ್ದರು. 'ಹತ್ರ ಬರ್ಬೇಡಿ, ನಾತ' ಎಂದು ಮೇಲೆ ಬರೆದಿತ್ತು. ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ.

ಹುಳು ಸಾಕುವವರು ರೋಗದ ಹುಳುವನ್ನು ಎರಡನೇ ಸಲ ನೋಡುವುದಿಲ್ಲ. ಕಂಡ ಕೂಡಲೇ ಹೆಕ್ಕಿ, ಸುಣ್ಣ ಹಾಕಿ ಹೂತುಬಿಡುತ್ತೇವೆ. ನನ್ನ ಗಂಡ ಮಗಳ ಫೋನಿನಲ್ಲೂ ಹಾಗೇ ಮಾಡಿದರು. ಫೋಟೊ, ಮೆಸೇಜು, ಗುಂಪು ಎಲ್ಲ ಅಳಿಸಿ, "ಹೋಯ್ತು ಬುಡವ್ವ, ಇನ್ನೇನೂ ಇಲ್ಲ" ಅಂದರು.

ಎಲ್ಲ ಅಳಿಸಿದ್ದು ಕೇಳಿ ಹೆಡ್ ಮೇಡಂ ಹಣೆ ಒತ್ತಿಕೊಂಡರು. "ಅದೇ ಬೇಕಿತ್ತಲ್ಲಮ್ಮ. ಯಾವ ನಂಬರಿಂದ ಬಂತು ಅಂತ ಗೊತ್ತಿಲ್ದೆ ಯಾರನ್ನ ಕರೆದು ಕೇಳ್ಲಿ? ಪೊಲೀಸ್ನೋರೂ ಅದನ್ನೇ ಕೇಳ್ತಾರೆ."

ಮನೆಗೆ ಬಂದು ಹೇಳಿದರೆ ಗಂಡ, "ಕೆಟ್ಟ ಹುಳ ಯಾರಾದ್ರೂ ಜೋಪಾನ ಮಾಡ್ತಾರೇನೆ?" ಎಂದರು. ಜಗಳ ಆಡಲೂ ನನಗೆ ಸುಸ್ತು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳ ಜೊತೆ ಬಸ್ಸಿಗೆ ಹೋಗುವ ಗೆಳತಿ ಅದೇ ಗುಂಪಿನಲ್ಲಿದ್ದಾಳೆ. "ಅವಳ್ ಫೋನಲ್ಲಿ ಐತೆ. ಕೇಳಿದ್ರೆ ಕಳಿಸ್ತಾಳೆ. ಆದ್ರೆ ಇನ್ನೊಂದ್ಸಲ ನೋಡ್ಬೇಕಲ್ಲಮ್ಮ."

"ನೀನ್ ಯಾಕ್ ನೋಡ್ತೀಯ? ನನ್ ಫೋನಿಗೆ ಹಾಕ್ಸು. ನಾನ್ ನೋಡ್ಕತೀನಿ."

ಸಂಜೆ ಹುಳುವಿಗೆ ಸೊಪ್ಪು ಹಾಕುವಾಗ ಎಲ್ಲ ನನ್ನ ಫೋನಿಗೆ ಬಂತು. ಸೆರಗಿಗೆ ಕೈ ಒರೆಸಿಕೊಂಡು ಕೊನೆಯವರೆಗೂ ಓದಿದೆ. ಯಾವುದನ್ನೂ ಅಳಿಸಲಿಲ್ಲ. ನಾಳೆ ಮತ್ತೆ ಅದೇ ಬಸ್ಸು, ಅದೇ ಮೇಡಂ.

ಕಡೆಗೆ ಗೆಳತಿಯ ವಾಯ್ಸ್ ಮೆಸೇಜು ಇತ್ತು. "ಆಂಟಿ, ನಂಬರ್ ಸಮೇತ ಕಳ್ಸಿವ್ನಿ. ನಾಳೆ ಅವ್ಳಿಗೂ ಸೀಟ್ ಹಿಡ್ದಿರ್ತೀನಿ. ಬರ್ಲಿಲ್ಲ ಅಂದ್ರೆ ಕಿಟಕಿ ಸೀಟು ನಂದೇ!"

"ಅವಳಿಗ್ಯಾಕೆ ಕಿಟಕಿ? ಬಸ್ಸಲ್ಲಿ ವಾಂತಿ ಮಾಡೋಳು ನಾನು" ಎಂದು ಮಗಳು ಗೊಣಗಿದಳು.

ರಾತ್ರಿ ಮುದ್ದೆ, ಹುರುಳಿ ಸಾರು. ಗಂಡ ತಲೆ ಎತ್ತದೆ ಉಂಡರು. ಮಗಳು ಅರ್ಧ ಮುದ್ದೆ ಉಂಡಳು, ಪೆಟ್ಟಿಗೆಯಿಂದ ಯೂನಿಫಾರ್ಮ್ ತೆಗೆದು ನಾಳೆಗೆಂದು ಗೂಟಕ್ಕೆ ಸಿಕ್ಕಿಸಿದಳು. ಮೊದಲು ಮಲಗಿದ್ದು ಅವಳೇ.