ಎರಡು ಎತ್ತುಗಳ ಸೋಮವಾರ

ಹಾಸನದ ಪೇಟೆಯಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ ಇದೆ. ಸೋಮವಾರ ಅದರ ಬಾಗಿಲು ತೆರೆಯುವುದಿಲ್ಲ. ಅಕ್ಕಪಕ್ಕದವರು ಇದನ್ನು ಶಿವಭಕ್ತಿ ಎಂದುಕೊಂಡಿದ್ದಾರೆ. ಪಾಲಾಕ್ಷಪ್ಪನವರು ಬಹಳ ಆಚಾರವಂತರು ಎಂದು ಕೈಮುಗಿಯುವವರೂ ಉಂಟು. ನಾನು ತಿದ್ದಲು ಹೋಗಿಲ್ಲ. ಪುಕ್ಕಟೆ ಸಿಗುವ ಮರ್ಯಾದೆಯನ್ನು ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಅಂಗಡಿ ಮುಚ್ಚುವುದು ಬೈರಯ್ಯ ಎಂಬ ರೈತನಿಗಾಗಿ, ಅವನ ಎರಡು ಎತ್ತುಗಳಿಗಾಗಿ. ಅವರಿಲ್ಲದಿದ್ದರೆ ಈ ಅಂಗಡಿಯೂ ಇರುತ್ತಿರಲಿಲ್ಲ, ಒಳಗೆ ಗದ್ದುಗೆಯ ಮೇಲೆ ನಾನೂ ಇರುತ್ತಿರಲಿಲ್ಲ.

ಅಂಗಡಿಗೆ ಮೊದಲು ನಾನು ಗಣಿಯ ಮೇಸ್ತ್ರಿ. ಚನ್ನರಾಯಪಟ್ಟಣದ ಸೀಮೆಯಲ್ಲಿ ಕ್ರೋಮಿನ ಕರಿಕಲ್ಲು ತೆಗೆಯುವ ಒಂದು ಗಣಿ. ಗಣಿ ಎಂದರೆ ನಲವತ್ತು ಅಡಿಯ ಗುಂಡಿ, ಅದರ ತಳದಿಂದ ಗುಡ್ಡದೊಳಕ್ಕೆ ಸ್ವಲ್ಪ ಸ್ವಲ್ಪ ಏರುತ್ತ ಹೋಗುವ ಒಂದು ಸುರಂಗ, ಅಷ್ಟೆ. ಗುಂಡಿಯಲ್ಲಿ ಯಾವಾಗಲೂ ನೀರು ಜಿನುಗುತ್ತಿತ್ತು. ಯುದ್ಧದ ಕಾಲ, ದೀಪಕ್ಕೆ ಸೀಮೆಎಣ್ಣೆಯೇ ಸಿಗದಿರುವಾಗ ಪಂಪಿಗೆ ಎಲ್ಲಿಂದ ತರುವುದು? ತೋಟಕ್ಕೆ ನೀರೆತ್ತುವ ಕಪಿಲೆಯನ್ನೇ ಗುಂಡಿಯ ಬಾಯಿಗೆ ಹೂಡಿದ್ದೆವು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಹಗ್ಗ ಎಳೆದು ತೊಗಲಿನ ಬಾನಿ ತುಂಬಿ ಮೇಲೆ ಬರುತ್ತಿತ್ತು. ಅವು ಹಿಂದಕ್ಕೆ ಹೆಜ್ಜೆಯಿಟ್ಟು ಏರಿದರೆ ಬಾನಿ ಮತ್ತೆ ಕೆಳಗೆ.

ಕಪಿಲೆ ಹೊಡೆಯುತ್ತಿದ್ದವನು ಬೈರಯ್ಯ. ಪಕ್ಕದ ಹಳ್ಳಿಯವನು, ಐವತ್ತರ ಆಸುಪಾಸು, ಕಡ್ಡಿಯಂಥ ಆಳು. ಎತ್ತು ಇಳಿಯುವಾಗ ತಾನೂ ಹಗ್ಗದ ಮೇಲೆ ಕೂತು ತನ್ನ ಭಾರ ಕೊಡುತ್ತಿದ್ದ. ಆ ಭಾರದಿಂದ ಎತ್ತುಗಳಿಗೆ ಎಷ್ಟು ಉಪಕಾರವಾಗುತ್ತಿತ್ತೋ ದೇವರೇ ಬಲ್ಲ. ಎತ್ತುಗಳ ಹೆಸರು ಕೆಂದ, ಮೈಲ. ಮನುಷ್ಯರೊಡನೆ ಆಡಿದ ಮಾತಿಗಿಂತ ಅವನು ಅವುಗಳೊಡನೆ ಆಡಿದ್ದೇ ಹೆಚ್ಚು. ಬಾರುಕೋಲು ಹಿಡಿದದ್ದನ್ನು ನಾನು ಕಂಡಿಲ್ಲ.

ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಕಟ್ಟುವಂತಿಲ್ಲ. ನಮ್ಮ ಸೀಮೆಯ ರೈತರೆಲ್ಲ ನಡೆಸಿಕೊಂಡು ಬಂದದ್ದು ಅದು. ಹಾಗಾಗಿ ಗಣಿಗೂ ಸೋಮವಾರವೇ ರಜೆ. ಅವತ್ತು ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತು, ಮಂಗಳವಾರ ಬೆಳಿಗ್ಗೆ ಬೈರಯ್ಯ ಎತ್ತಿ ಚೆಲ್ಲಿದ ಮೇಲೆ ನಾವು ಇಳಿಯುತ್ತಿದ್ದೆವು.

ನಲವತ್ತೆರಡನೇ ಇಸವಿಯಲ್ಲಿ ಒಮ್ಮೆ, ಮಂಗಳವಾರ ಬೆಳಿಗ್ಗೆ ಲಾರಿ ಬರುತ್ತದೆ, ಕಲ್ಲು ತುಂಬಿಸಲೇಬೇಕು ಎಂದು ಮೇಲಿನಿಂದ ಹುಕುಂ ಬಂತು. ಶನಿವಾರ ನಾನು ಬೈರಯ್ಯನನ್ನು ಕರೆದು ಈ ಒಂದು ಸೋಮವಾರ ಕಪಿಲೆ ಹೊಡೆಯಲು ಹೇಳಿದೆ. ಅವನು ಆಗದೆಂದು ತಲೆಯಾಡಿಸಿದ. ನನಗೆ ರೇಗಿತು. ನನಗೆ ರೇಗುವುದಕ್ಕೆ ಆಗ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನಿನ್ನ ಎತ್ತಿಗೆ ರಜೆ ಅಂತ ಯುದ್ಧ ನಿಲ್ಲಿಸೋಕಾಗುತ್ತೇನಯ್ಯ ಎಂದು ಎಲ್ಲರೆದುರು ಗೇಲಿ ಮಾಡಿದೆ. ಅವನು ಕೋಪ ಮಾಡಿಕೊಳ್ಳಲಿಲ್ಲ.

“ದಿನ ನನ್ದಲ್ಲ ಸಾಮಿ, ಅವುಗಳ್ದು. ನಾನೆಂಗೆ ಕೊಡ್ಲಿ?” ಎಂದ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ಬಸವನ ದಿನ ನೆನಪಿದ್ದದ್ದು ಅವನಿಗೆ. ಆಗ ಅದೂ ನನಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ನಾಲ್ಕು ಜನರನ್ನು ಕರೆದುಕೊಂಡು ಮೊಣಕಾಲುದ್ದ ನೀರಿನಲ್ಲೇ ಇಳಿದೆ. ನಮ್ಮ ಗುಂಡಿಯ ಪಕ್ಕದಲ್ಲಿ ಹಿಂದಿನವರು ತೋಡಿ ಬಿಟ್ಟುಹೋದ ಇನ್ನೊಂದು ಹಾಳು ಗುಂಡಿ ಇತ್ತು, ಮಳೆನೀರು ತುಂಬಿ ನಿಂತಿತ್ತು. ನಡುವಿನ ಗೋಡೆ ಬೆವರುತ್ತಿದೆ ಎಂದು ಆ ನಾಲ್ವರಲ್ಲಿ ಒಬ್ಬನಾದ ಹಳೇಕೋಟೆ ಕಡೆಯ ಚಲುವಯ್ಯ ಎರಡು ಸಲ ಹೇಳಿದ. ಅವನು ನಮ್ಮಲ್ಲೆಲ್ಲ ಹಳೆಯ ಕೆಲಸಗಾರ. ನಾನು ಕೇಳಲಿಲ್ಲ.

ನಾವು ಸುರಂಗದ ಒಳತುದಿಯಲ್ಲಿದ್ದಾಗ ಗೋಡೆ ಒಡೆಯಿತು. ದೊಡ್ಡ ಸದ್ದು, ಆಮೇಲೆ ತಣ್ಣನೆಯ ಗಾಳಿ, ಆಮೇಲೆ ನೀರು. ಸುರಂಗ ಏರಿಕೊಂಡು ಹೋಗಿದ್ದರಿಂದ ನೀರು ನಮ್ಮ ಸೊಂಟಕ್ಕೆ ಬಂದು ನಿಂತಿತು. ಆದರೆ ಸುರಂಗದ ಬಾಯಿ ಪೂರ್ತಿ ಮುಳುಗಿಹೋಗಿತ್ತು. ಗಾಳಿ ಉಳಿಯಲಿ ಎಂದು ಚಲುವಯ್ಯ ದೀಪ ಆರಿಸಿಬಿಟ್ಟ. ಗುಂಡಿಯ ನೀರು ಇಳಿಯದೆ ನಾವು ಹೊರಗೆ ಹೋಗುವಂತಿರಲಿಲ್ಲ, ಇಳಿಸಬಲ್ಲ ಕಪಿಲೆ ಸುತ್ತಮುತ್ತ ಇದ್ದದ್ದು ಒಂದೇ.

“ಇವತ್ತು ಸ್ವಾಮಾರ ಅಲ್ವಾ,” ಎಂದ ಚಲುವಯ್ಯ ಕತ್ತಲಲ್ಲಿ. ಬೈಗುಳವಲ್ಲ, ಸುಮ್ಮನೆ ಹೇಳಿದ. ನನಗೆ ಅಳು ಬಂತು.

ಮೇಲೆ ನಡೆದದ್ದನ್ನು ನಾನು ತಿಳಿದದ್ದು ಆಮೇಲೆ. ಚಲುವಯ್ಯನ ಹೆಂಡತಿ ದೊಡ್ಡತಾಯಮ್ಮ ಗುಂಡಿಯ ಬಾಯಲ್ಲಿ ಕಲ್ಲು ಆರಿಸುತ್ತಿದ್ದಳು. ಸದ್ದು ಕೇಳಿದವಳೇ ಹಳ್ಳಿಗೆ ಓಡಿದಳು. ಬೈರಯ್ಯ ಕೆರೆಯಲ್ಲಿ ಎತ್ತುಗಳ ಮೈ ತೊಳೆದು ಹಣೆಗೆ ಕುಂಕುಮವಿಟ್ಟು ಹೊಸ ಹುಲ್ಲು ಹಾಕಿದ್ದನಂತೆ. ಅವಳ ಮಾತು ಮುಗಿಯುವ ಮೊದಲೇ ಎದ್ದು ಕಣ್ಣಿ ಬಿಚ್ಚಿದನಂತೆ. ಬಿಚ್ಚಿದವನು ಒಂದೊಂದು ಎತ್ತಿನ ಹಣೆಗೂ ತನ್ನ ಹಣೆ ಒತ್ತಿ ಹೇಳಿದ್ದನ್ನು ದೊಡ್ಡತಾಯಮ್ಮ ಇವತ್ತಿಗೂ ಒಂದಕ್ಷರ ಬಿಡದೆ ಹೇಳುತ್ತಾಳೆ:

“ಇವತ್ತೊಂದಿನ ಕೊಡ್ರಪ್ಪ. ನಾಳೀಕೆ ನಾನು ತೀರುಸ್ತೀನಿ.”

ಒಳಗೆ ನಮಗೆ ಮೊದಲು ಕೇಳಿಸಿದ್ದು ಬಾನಿ ನೀರಿಗೆ ಬಿದ್ದ ಸದ್ದು. ಧೊಪ್ಪೆಂದಿತು. ಯಾರೋ ನನ್ನ ತೋಳು ಹಿಡಿದರು. ಸ್ವಲ್ಪ ಹೊತ್ತಿಗೆ ಮತ್ತೊಂದು. ಆಮೇಲೆ ನಿಲ್ಲಲೇ ಇಲ್ಲ. ಅಷ್ಟು ಇಂಪಾದ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸುರಂಗದ ಬಾಯಿಯ ಮೇಲಂಚಿನಲ್ಲಿ ಬೆರಳಗಲದ ಬೆಳಕು ಕಂಡಿತು. ಐದೂ ಜನ ಕತ್ತಿನವರೆಗೆ ಮುಳುಗಿ ಹೊರಬಂದು ಹಗ್ಗ ಹಿಡಿದು ಹತ್ತಿದೆವು. ಎತ್ತುಗಳ ಬಾಯಲ್ಲಿ ನೊರೆ, ಮೈತುಂಬ ಬೆವರು, ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಇಳಿದಿತ್ತು. ಬೈರಯ್ಯ ನಮ್ಮ ಕಡೆ ನೋಡಲಿಲ್ಲ. ಕಂಬಳಿಯಿಂದ ಅವುಗಳ ಮೈ ಒರೆಸುತ್ತಿದ್ದ.

ಮಾರನೆಯ ಬೆಳಿಗ್ಗೆ ಒಂದು ತೆಂಗಿನಕಾಯಿ, ಹೊಸ ಪಂಚೆ ತೆಗೆದುಕೊಂಡು ಅವನನ್ನು ಹುಡುಕಿ ಹೋದೆ. ಮನೆಯಲ್ಲಿರಲಿಲ್ಲ. ಗಣಿಯಲ್ಲಿ ಕಪಿಲೆ ಕಿರುಗುಟ್ಟುವುದು ಕೇಳಿ ಅತ್ತ ನಡೆದೆ. ಹೊಂಗೆಮರದ ನೆರಳಲ್ಲಿ ಕೆಂದ, ಮೈಲ ಮಲಗಿ ಮೆಲುಕು ಹಾಕುತ್ತಿದ್ದವು. ಇಳಿಜಾರಿನಲ್ಲಿ ನೊಗಕ್ಕೆ ಹೆಗಲು ಕೊಟ್ಟು ಬೈರಯ್ಯ ಒಬ್ಬನೇ ಎಳೆಯುತ್ತಿದ್ದ. ಬಾನಿಯಲ್ಲಿ ಕಾಲುಭಾಗ ನೀರಿತ್ತೋ ಇಲ್ಲವೋ. ಅವನ ಕಾಲು ಜಾರುತ್ತಿತ್ತು.

ಇದೇನು ಮಾಡ್ತಿದ್ದೀಯಾ ಎಂದು ಕೇಳಿದೆ.

“ಅವುಗಳ ದಿನ ಅವುಕ್ಕೆ ಕೊಡ್ತಾ ಇವ್ನಿ ಸಾಮಿ,” ಎಂದ.

ನಾನು ಕೈಯಲ್ಲಿದ್ದದ್ದನ್ನು ನೆಲಕ್ಕಿಟ್ಟು ನೊಗದ ಇನ್ನೊಂದು ತುದಿಗೆ ಹೆಗಲು ಕೊಟ್ಟೆ. ಅವನು ಬೇಡವೆಂದ, ಮೇಸ್ತ್ರಿಗಳು ಹೀಗೆಲ್ಲ ಮಾಡಬಾರದೆಂದ. ನಾನು ಬಿಡಲಿಲ್ಲ. ಆಮೇಲೆ ಚಲುವಯ್ಯ ಬಂದ, ಉಳಿದ ಮೂವರೂ ಬಂದರು. ಯಾರೂ ಯಾರಿಗೂ ಹೇಳಿಕಳುಹಿಸಿರಲಿಲ್ಲ. ಲಾರಿಯವನು ಬಂದು ನೋಡಿ, ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಬೀಡಿ ಸೇದುತ್ತ ಕೂತ. ನಾವು ಐವರು ಎಳೆದೆವು, ಬೈರಯ್ಯ ಹಗ್ಗದ ಮೇಲೆ ಕೂತು ಎತ್ತುಗಳಿಗೆ ಹೇಳುವ ಮಾತುಗಳನ್ನೇ ನಮಗೂ ಹೇಳಿದ. ಎರಡು ಎತ್ತು ಎಳೆಯುವುದನ್ನು ಐದು ಜನ ಎಳೆಯಲಾರದೆ ಸತ್ತೆವು. ಮಧ್ಯಾಹ್ನ ನೊಗ ಇಳಿಸಿದ ಮೇಲೆ ಬೈರಯ್ಯ ಹರಳೆಣ್ಣೆಯ ಕುಡಿಕೆ ತಂದು, ಎತ್ತುಗಳ ಹೆಗಲಿಗೆ ಹಚ್ಚುವಂತೆ ನಮ್ಮ ಹೆಗಲಿಗೂ ಒಬ್ಬೊಬ್ಬರಿಗಾಗಿ ಹಚ್ಚಿದ. “ತೀರ್ತು,” ಎಂದ.

ಯುದ್ಧ ಮುಗಿದ ಮರುವರ್ಷ ಗಣಿ ಮುಚ್ಚಿತು. ಮುಚ್ಚಿ ಈಗ ಮೂರು ವರ್ಷ. ನಾನು ತಿಂಗಳಿಗೊಂದು ಸೋಮವಾರ ಬೆಳಗಿನ ಬಸ್ಸು ಹಿಡಿದು ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ನಡೆದು ಆ ಜಾಗಕ್ಕೆ ಹೋಗುತ್ತೇನೆ. ಗೋಡೆ ಬಿದ್ದ ಎರಡು ಗುಂಡಿಗಳೂ ಸೇರಿ ಒಂದೇ ಕೊಳವಾಗಿದೆ. ಗುಂಡಿಯ ಗೋಡೆಯ ಹಸಿರು ಕಲ್ಲಿನ ನೆರಳು ಬಿದ್ದು ನೀರು ಗಿಳಿಯ ಬಣ್ಣಕ್ಕಿದೆ. ಕರಿಕಲ್ಲಿನ ರಾಶಿಗಳು ಬಿಸಿಲಿಗೆ ಮಿನುಗುತ್ತವೆ, ಅವುಗಳ ಸಂದಿನಲ್ಲಿ ತಂಗಡಿ ಹೂ ಬಿಟ್ಟಿದೆ. ಕಪಿಲೆಯ ಕಲ್ಲುಕಂಬದಲ್ಲಿ ಹಗ್ಗ ಉಜ್ಜಿದ ಗೀರು ಹಾಗೇ ಇದೆ. ಅಷ್ಟು ಜನ ಬೆನ್ನು ಮುರಿದುಕೊಂಡ ಜಾಗವನ್ನು ಚೆನ್ನಾಗಿದೆ ಎನ್ನಲು ನಾಚಿಕೆ, ಆದರೂ ಚೆನ್ನಾಗಿದೆ. ನೋಡಲು ನಾನು ಉಳಿದಿದ್ದೇನೆ ಎನ್ನುವುದಕ್ಕೇ ನನಗೆ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.

ಬೈರಯ್ಯ ಅಲ್ಲೇ ಹೊಂಗೆಮರದ ಕೆಳಗೆ ಇರುತ್ತಾನೆ. ಕೆಂದ ಈಗಿಲ್ಲ. ಮೈಲನಿಗೆ ವಯಸ್ಸಾಗಿ ಯಾವ ವಾರವೂ ನೊಗವಿಲ್ಲ. ನಾನು ಬೆಲ್ಲದ ಅಚ್ಚು ತೆಗೆಯುವುದನ್ನು ಕಂಡು ಪ್ರತಿಸಲವೂ ಬೈರಯ್ಯ ಅದೇ ಮಾತು ಕೇಳುತ್ತಾನೆ:

“ಯಾಕ್ ಸಾಮಿ ಇಷ್ಟ್ ದೂರ ಬತ್ತೀರಿ? ಅವತ್ತೇ ತೀರ್ತಲ್ಲ.”

“ಆ ಸೋಮವಾರದ್ದು ತೀರಿತು ಬೈರಯ್ಯ. ಅದರ ಮಾರನೆಯ ದಿನದಿಂದ ಇವತ್ತಿನವರೆಗೆ ನಾನು ಬದುಕಿದ ದಿನಗಳದ್ದು ಹಾಗೇ ಇದೆಯಲ್ಲ,” ಎನ್ನುತ್ತೇನೆ.

ಅವನು ನಗುತ್ತಾನೆ. ಮೈಲ ಬೆಲ್ಲ ತಿಂದು ನನ್ನ ಅಂಗೈ ನೆಕ್ಕುತ್ತಾನೆ.