ಏಳನೇ ಕೋಣೆಯ ಹಾಜರಿ

ಬೆಳಗ್ಗೆ ಐದಾಗಲು ಇನ್ನೂ ಹತ್ತು ನಿಮಿಷ ಇದೆ. ಬೆಳ್ಳಾರೆ ಪೇಟೆಯಲ್ಲಿ ಹಾಲಿನ ವ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪೋಕರ್ ಅವರ ಟೈಲರ್ ಅಂಗಡಿಯ ಮಹಡಿಯಲ್ಲಿ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಭವಿತಾ ಹೆಲ್ಮೆಟ್ ತೆಗೆದು ಹಳೆಯ ಹೊಲಿಗೆ ಮೆಷಿನಿನ ಮೇಲಿಡುತ್ತಾರೆ, ಚೂಡಿದಾರದ ಶಾಲಿನಿಂದ ಮುಖ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ಪಕ್ಕದಲ್ಲಿ ಕೆಂಪು ಬೈಂಡಿನ ಹಾಜರಿ ಪುಸ್ತಕ. ಎಲ್ಲವೂ ಕಂಪ್ಯೂಟರಿನಲ್ಲೇ ದಾಖಲಾಗುವ ಈ ಕಾಲದಲ್ಲಿ ಅದೇಕೆ ಎಂದು ಕೇಳಬೇಕೆನಿಸುತ್ತದೆ. ಕೇಳುವಷ್ಟರಲ್ಲಿ ಪರದೆಯ ಮೇಲೆ ಮುಖಗಳು ಮೂಡತೊಡಗುತ್ತವೆ.

ವಿಯೆಟ್ನಾಮಿನಲ್ಲಿ ಆಗ ಆರೂವರೆಗೆ ಹತ್ತಿರ. ಕಡಲತಡಿಯ ಒಂದು ಸಣ್ಣ ಊರಿನ ಹನ್ನೊಂದು ಮಂದಿ ಕೆಲಸಕ್ಕೆ ಹೊರಡುವ ಮೊದಲು ಇಂಗ್ಲಿಷ್ ಕಲಿಯಲು ಕೂತಿದ್ದಾರೆ. ಒಬ್ಬ ಅಡುಗೆಯವನ ಟೊಪ್ಪಿಯಲ್ಲೇ ಇದ್ದಾನೆ. ಇನ್ನೊಬ್ಬಾಕೆ ಮಗುವಿಗೆ ಗಂಜಿ ಕುಡಿಸುತ್ತಾ ಪುಸ್ತಕ ಬಿಡಿಸುತ್ತಾಳೆ. ಭವಿತಾ ಒಂದೊಂದೇ ಹೆಸರು ಕರೆದು ಗುರುತು ಹಾಕುತ್ತಾರೆ. ಹನ್ನೊಂದು ಮುಗಿದ ಮೇಲೆ ಪೆನ್ನು ಇನ್ನೊಂದು ಸಾಲಿಗೆ ಇಳಿಯುತ್ತದೆ.

"ರೂಮ್ ಸೆವೆನ್," ಎಂದು ಕರೆಯುತ್ತಾರೆ.

ಪರದೆಯ ಮೂಲೆಯಲ್ಲಿ ಮುಖವಿಲ್ಲದ ಒಂದು ಕಪ್ಪು ಚೌಕ. ಅದರಡಿ ಬಿಳಿ ಅಕ್ಷರಗಳಲ್ಲಿ ಅದೇ ಹೆಸರು. ಉತ್ತರವಿಲ್ಲ. ಭವಿತಾ ಕಾಯುತ್ತಾರೆ. ಮತ್ತೆ ಕರೆಯುತ್ತಾರೆ, ಮತ್ತೆ ಕಾಯುತ್ತಾರೆ. ಮೂರನೆಯ ಸಲವೂ ಕರೆದು, ಯಾರೂ ಓಗೊಡದಾಗ ಪುಸ್ತಕದಲ್ಲಿ ಹಾಜರಿಯೂ ಅಲ್ಲದ, ಗೈರೂ ಅಲ್ಲದ ಒಂದು ಚುಕ್ಕೆ ಇಡುತ್ತಾರೆ. ಆ ಹನ್ನೊಂದು ಮಂದಿಯಲ್ಲಿ ಒಬ್ಬರೂ ನಗುವುದಿಲ್ಲ. ಮಗು ಕೂಡ ಗಂಜಿ ನುಂಗದೆ ಬಾಯಲ್ಲೇ ಇಟ್ಟುಕೊಂಡಿದೆ.

ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು, ಅವರ ಬಗ್ಗೆ ಬರೆಯಲು ನಾನು ಊರೂರು ತಿರುಗುವವನು. ಬಾವಿ ತೋಡುವವರು, ಹೆಣ ಸುಡುವವರು, ಎಲ್ಲರ ಜೊತೆಗೂ ಚಹಾ ಕುಡಿದಿದ್ದೇನೆ. ನಿಜ ಹೇಳಬೇಕೆಂದರೆ, ಬೆಳ್ಳಾರೆಯ ಆ ಮಹಡಿಯಲ್ಲಿ ಹೆದರಿದಷ್ಟು ಬೇರೆಲ್ಲೂ ಹೆದರಿಲ್ಲ.

ಭವಿತಾಗೆ ಈಗ ಮೂವತ್ತನಾಲ್ಕು. ಹತ್ತಿರದ ಪಂಜ ಊರಿನವರು, ಮನೆಮಾತು ಅರೆಭಾಷೆ. ಎಂ.ಎ., ಬಿ.ಎಡ್. ಮುಗಿಸಿ ಪುತ್ತೂರಿನ ಸುತ್ತಮುತ್ತ ಆರು ವರ್ಷ ಪಾಠ ಮಾಡಿ, ಗೆಳತಿಯೊಬ್ಬಳ ಮಾತು ಕೇಳಿ ವಿಯೆಟ್ನಾಮಿಗೆ ವಿಮಾನ ಹತ್ತಿದರು. ಸೇರಿದ್ದು ಮೂರು ಮಾಳಿಗೆಯ ಒಂದು ಖಾಸಗಿ ಇಂಗ್ಲಿಷ್ ಶಾಲೆ. ಒಡತಿ ಹನ್ ಎಂಬ ಐವತ್ತು ದಾಟಿದ ಹೆಂಗಸು. ಅಲ್ಲಿನವರು ಕಲಿಸುವ ಹೆಂಗಸರನ್ನು 'ಕೋ' ಎಂದು ಗೌರವದಿಂದ ಕರೆಯುತ್ತಾರೆ. ಹೀಗಾಗಿ ನಮ್ಮ ಭವಿತಾ ಅಲ್ಲಿ ಕೋ ಭವಿ ಆದರು. ಕೆಲಸದ ಪರವಾನಗಿಗೆ ಬೇಕೆಂದು ಅವರ ಪದವಿ ಪತ್ರ, ಅಂಕಪಟ್ಟಿಗಳ ಮೂಲ ಪ್ರತಿಗಳೆಲ್ಲ ಒಂದು ನೀಲಿ ಫೈಲಿನಲ್ಲಿ ಮೇಡಂ ಹನ್ ಅವರ ಕಬ್ಬಿಣದ ಕಪಾಟು ಸೇರಿದವು.

ಒಂದು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಶಾಲೆಗೆ ಮಕ್ಕಳು ಕಡಿಮೆಯಾದರು. ಮೇಡಂ ಸಾಲ ಮಾಡಿ ಮಾಡಿ ಸೋತರು.

"ಮೊದ್ಲು ಸ್ಟಾಫ್ ರೂಮಿನ ಚಹಾದ ಫ್ಲಾಸ್ಕ್ ಹೋಯ್ತು ಸರ್," ಎನ್ನುತ್ತಾರೆ ಭವಿತಾ. "ನಾವೆಲ್ಲ ನಗಾಡಿದ್ದು. ಆಮೇಲೆ ಮೀನಿನ ತೊಟ್ಟಿ ಹೋಯ್ತು, ಎ.ಸಿ. ಹೋಯ್ತು. ಒಂದು ಸೋಮವಾರ ಹೋಗಿ ನೋಡ್ತೇನೆ, ಎರಡನೇ ಮಾಳಿಗೆಯಲ್ಲಿ ಒಂದು ಬೆಂಚೂ ಇಲ್ಲ. ಗೋಡೆಯಲ್ಲಿ ಬೆಂಚು ಒರಗಿದ ಗುರುತು ಮಾತ್ರ ಉಂಟು."

ಬೆಂಚುಗಳ ಹಾಗೆಯೇ ಶಿಕ್ಷಕರೂ ಹೋದರು. ಆರು ಮಂದಿಯಲ್ಲಿ ಯಾರೂ ಹೇಳಿ ಹೋಗಲಿಲ್ಲ. ಬೆಳಗ್ಗೆ ಬಂದು ನೋಡಿದರೆ ಕೀಲಿಕೈ ತೂಗುಹಾಕುವ ಹಲಗೆಯಲ್ಲಿ ಇನ್ನೊಂದು ಕೀಲಿಕೈ ವಾಪಸು ಬಂದಿರುತ್ತಿತ್ತು. ಕೊಕ್ಕೆಯ ಕೆಳಗೆ ಅಂಟಿಸಿದ ಹೆಸರಿನ ಚೀಟಿಗಳನ್ನು ಮಾತ್ರ ಮೇಡಂ ಕೀಳಲು ಬಿಡಲಿಲ್ಲ. ಸಂಬಳ ಅರ್ಧವಾಯಿತು, ಆಮೇಲೆ ನಿಂತಿತು. ಅದರ ಬದಲಿಗೆ ತಿಂಗಳ ಮೊದಲ ದಿನ ಬಾಗಿಲ ಬಳಿ ಒಂದು ಚೀಲ ಅಕ್ಕಿ ಇರುತ್ತಿತ್ತು. ಬಾಡಿಗೆ ಕಟ್ಟಲಾಗದೆ ಭವಿತಾ ತಮ್ಮ ಕೋಣೆ ಬಿಟ್ಟು ಶಾಲೆಯ ಮೂರನೇ ಮಾಳಿಗೆಯ ಖಾಲಿ ತರಗತಿಯೊಂದರಲ್ಲಿ ಹಾಸಿಗೆ ಹಾಸಿಕೊಂಡರು.

ನೀವು ಯಾಕೆ ಬಿಟ್ಟು ಬರಲಿಲ್ಲ ಎಂದು ಕೇಳಿದೆ.

"ಮೋಸ ಮಾಡುವವರಿಗೆ ಮುಖ ತೋರಿಸ್ಲಿಕ್ಕೆ ನಾಚಿಕೆ ಇರುದಿಲ್ಲ ಸರ್. ಅವರಿಗೆ ಇತ್ತು. ನಾನು ಮೆಟ್ಟಿಲು ಇಳಿಯುದು ಕಂಡ್ರೆ ಅವರು ಬಾಗಿಲ ಹಿಂದೆ ನಿಲ್ತಿದ್ರು. ಅಂಥವರನ್ನು ಬಿಟ್ಟು ಬರುದು ಹೇಗೆ?"

ಕೊನೆಗೆ ಪಾಠ ಉಳಿದದ್ದು ಏಳನೇ ಕೋಣೆಯಲ್ಲಿ ಮಾತ್ರ, ಈಗ ಪರದೆಯ ಮೇಲಿರುವ ಈ ಹನ್ನೊಂದು ಮಂದಿಗೆ. ಆದರೆ ಮೇಡಂ ಹನ್ ದಿನಕ್ಕೆ ಆರು ಸಲ ಮೂರೂ ಮಾಳಿಗೆ ಹತ್ತಿ ಇಳಿದು, ಒಂದೊಂದು ಖಾಲಿ ಕೋಣೆಯ ಮುಂದೆಯೂ ನಿಂತು, ಕೈಯಲ್ಲಿ ಹಿಡಿದ ಗಂಟೆ ಬಾರಿಸುತ್ತಿದ್ದರು. ಗಂಟೆಯಾದ ಮೇಲೆ ಮಕ್ಕಳು ಹೊರಗೆ ಬರುವಷ್ಟು ಹೊತ್ತು ಬಾಗಿಲ ಬದಿಗೆ ಸರಿದು ದಾರಿ ಬಿಡುತ್ತಿದ್ದರಂತೆ. ಇದನ್ನು ಹೇಳುವಾಗ ಭವಿತಾ ತಾವೂ ಕುರ್ಚಿಯಲ್ಲಿ ಸ್ವಲ್ಪ ಬದಿಗೆ ಸರಿಯುತ್ತಾರೆ.

ಇನ್ನು ಆ ಸಂಜೆಯ ವಿಷಯ. ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಮುಸ್ಸಂಜೆ ಹೊತ್ತಿನಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಟ್ಟನೆ ಓಗೊಡಬಾರದು ಎಂದು ಹಲವು ಮನೆಗಳಲ್ಲಿ ಹಿರಿಯರು ಹೇಳಿಕೊಡುತ್ತಾರೆ. ಸತ್ತವರ ಕುಲೆ, ಅಂದರೆ ಪ್ರೇತ, ಎರಡು ಸಲ ಮಾತ್ರ ಕರೆಯುತ್ತದಂತೆ. ಮೂರನೆಯ ಸಲ ಕರೆದರೆ ಅದು ಮನುಷ್ಯರು. ಭವಿತಾರ ತಾಯಿ ಪೂವಮ್ಮ ಮಗಳಿಗೆ ಅಕ್ಷರ ಕಲಿಸುವ ಮೊದಲೇ ಇದನ್ನು ಕಲಿಸಿದ್ದರು.

ಆ ದಿನ ಬಿಲ್ಲು ಕಟ್ಟದೆ ಕರೆಂಟು ಹೋಗಿತ್ತು. ಮೂರನೇ ಮಾಳಿಗೆಯಲ್ಲಿ ಭವಿತಾ ಒಬ್ಬರೇ ಕಿಟಕಿಯ ಬೆಳಕಿಗೆ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕಡಲಿನ ಕಡೆ ಕಪ್ಪಾಗುತ್ತಾ ಬಂದಿತ್ತು. ಆಗ ಮೆಟ್ಟಿಲ ಬುಡದಿಂದ ಸ್ಪಷ್ಟವಾಗಿ ಒಂದು ದನಿ ಬಂತು.

"'ಕೋ ಭವಿ' ಅಂತ. ನಾನು ಓ ಅನ್ಲಿಕ್ಕೆ ಬಾಯಿ ತೆರೆದದ್ದು ಹೌದು ಸರ್. ಆದರೆ ನಾಲಿಗೆ ತಿರುಗ್ಲೇ ಇಲ್ಲ. ಅಮ್ಮ ಹೇಳಿದ್ದು ನೆನಪಾಯ್ತು ಅಂತ ಅಲ್ಲ, ಅದು ನೆನಪಾಗುವ ವಿಷಯ ಅಲ್ಲ, ಮೈಯಲ್ಲೇ ಉಂಟು. ಎರಡನೇ ಸಲ ಕರೆದ್ರು. ನಾನು ಉಸಿರು ಹಿಡಿದು ಮೂರನೇದಕ್ಕೆ ಕಾದೆ."

ಮೂರನೆಯದು ಬರಲಿಲ್ಲ. ಚಪ್ಪಲಿಯ ಸದ್ದು ದೂರವಾಯಿತು. ಬಗ್ಗಿ ನೋಡುವ ಧೈರ್ಯ ಭವಿತಾಗೆ ಆಗಲಿಲ್ಲ.

ಮರುದಿನ ಬೆಳಗ್ಗೆ ಬ್ಯಾಂಕಿನವರು ಬಂದರು. ಸಾಮಾನು ಕಟ್ಟಿಕೊಳ್ಳಲು ಅರ್ಧ ಗಂಟೆ ಕೊಟ್ಟರು. ಕಪಾಟು ಇದ್ದ ಆಫೀಸಿಗೆ ಬೀಗ, ಕೀಲಿಕೈ ಮೇಡಂ ಬಳಿ, ಮೇಡಂ ಎಲ್ಲೂ ಇಲ್ಲ. ಶಟರಿಗೆ ಮುದ್ರೆ ಬಿತ್ತು. ಎದುರಿನ ಕಾಫಿ ಅಂಗಡಿಯ ಹೆಂಗಸು ಭವಿತಾರನ್ನು ಕರೆದು ಒಂದು ಮಾತು ಹೇಳಿದಳು. ನಿನ್ನೆ ಸಂಜೆ ಮೇಡಂ ಹನ್ ಒಂದು ನೀಲಿ ಫೈಲನ್ನು ಎದೆಗೆ ಅವುಚಿಕೊಂಡು ಒಳಗೆ ಹೋದದ್ದನ್ನು ನೋಡಿದೆ, ಹೊರಗೆ ಬಂದದ್ದನ್ನು ನೋಡಲಿಲ್ಲ ಎಂದು.

ಹಿಂದುಗಡೆ ಮೀನು ಮಾರುಕಟ್ಟೆಗೆ ಇನ್ನೊಂದು ಬಾಗಿಲಿದೆಯಂತೆ. ಅದರಿಂದ ಹೋಗಿರಬೇಕು ಎಂದು ನಾನು ಹೇಳುತ್ತೇನೆ. ಇರಬಹುದು ಎನ್ನುತ್ತಾರೆ ಭವಿತಾ. ಬ್ಯಾಂಕಿನವರು ಕಟ್ಟಡವನ್ನೆಲ್ಲ ಹುಡುಕಿದರು, ಯಾರೂ ಸಿಗಲಿಲ್ಲ. ಅಲ್ಲಿಂದೀಚೆಗೆ ಮೇಡಂ ಹನ್ ಅವರನ್ನು ಕಂಡವರಿಲ್ಲ.

ಭವಿತಾ ಊರಿಗೆ ಬಂದ ಮೂರನೇ ವಾರ ಹಳೆಯ ವಿದ್ಯಾರ್ಥಿನಿ ಲಿನ್ ಸಂದೇಶ ಕಳಿಸಿದಳು. ಹೋಟೆಲಿನ ಕೆಲಸಕ್ಕೆ ಪರೀಕ್ಷೆ ಬರೆಯಬೇಕು, ಪಾಠ ಅರ್ಧಕ್ಕೆ ನಿಂತಿದೆ, ಮುಂದುವರಿಸಬಹುದೇ ಎಂದು. ಪಂಜದ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ಬೆಳ್ಳಾರೆಯ ಈ ಮಹಡಿ. ಶಾಲೆಯ ಹಳೆಯ ಆನ್‌ಲೈನ್ ತರಗತಿಯ ಕೊಂಡಿಯನ್ನೇ ಭವಿತಾ ಮತ್ತೆ ತೆರೆದರು. ಮೊದಲ ದಿನವೇ, ಐದಕ್ಕೆ ಎರಡು ನಿಮಿಷ ಇರುವಾಗ, ಎಲ್ಲರಿಗಿಂತ ಮುಂಚೆ ಒಳಗೆ ಬಂದದ್ದು ರೂಮ್ ಸೆವೆನ್. ಅದು ಆ ಕೋಣೆಯ ಕಂಪ್ಯೂಟರಿನ ಹೆಸರು. ಆ ಕಂಪ್ಯೂಟರು ಮುದ್ರೆ ಬಿದ್ದ ಕಟ್ಟಡದೊಳಗಿದೆ. ಕಟ್ಟಡದಲ್ಲಿ ಕರೆಂಟಿಲ್ಲ. ಕೆಲಸಕ್ಕೆ ಅದೇ ಬೀದಿಯಲ್ಲಿ ಹೋಗುವ ಲಿನ್, ಮೀಟರನ್ನೂ ಕಿತ್ತುಕೊಂಡು ಹೋಗಿದ್ದಾರೆ ಎಂದು ಫೋಟೋ ಕಳಿಸಿದ್ದಾಳೆ.

ಪಾಸ್‌ವರ್ಡ್ ಗೊತ್ತಿದ್ದವರು ಯಾವ ಫೋನಿನಿಂದ ಬೇಕಾದರೂ ಆ ಹೆಸರಿನಲ್ಲಿ ಬರಬಹುದು. ಇದು ನನಗೂ ಗೊತ್ತು, ಭವಿತಾಗೂ ಗೊತ್ತು. ಮೇಡಂ ಎಲ್ಲೋ ತಲೆಮರೆಸಿಕೊಂಡು ಫೋನು ಹಿಡಿದು ಕೂತಿರಬಹುದು. ಹದಿನಾಲ್ಕು ತಿಂಗಳಿನಿಂದ ಒಂದು ದಿನವೂ ತಪ್ಪದೆ, ಒಂದು ಮಾತೂ ಆಡದೆ.

ಭವಿತಾರ ದಿನಚರಿ ಕೇಳಿದರೆ ತಲೆ ತಿರುಗುತ್ತದೆ. ಮುಕ್ಕಾಲು ನಾಲ್ಕಕ್ಕೆ ಏಳುವುದು, ಅರ್ಧ ಗಂಟೆ ಸ್ಕೂಟರ್, ಐದರಿಂದ ಏಳರವರೆಗೆ ಎರಡು ತಂಡಗಳಿಗೆ ಪಾಠ. ಅಲ್ಲಿಂದ ಕಡಬದ ಬಳಿಯ ಒಂದು ಶಾಲೆಗೆ. ಅಲ್ಲಿ ಅವರು ಇನ್ನೂ ತಾತ್ಕಾಲಿಕ ಶಿಕ್ಷಕಿ. ಮೂಲ ಪ್ರತಿಗಳನ್ನು ತೋರಿಸಿದರೆ ಕೆಲಸ ಕಾಯಂ. ನಕಲು ಪ್ರತಿ ಮಾಡಿಸಬಹುದು, ಆದರೆ ಅದಕ್ಕೆ ಮೂಲ ಪ್ರತಿ ಕಳೆದುಹೋಗಿದೆ ಎಂದು ಬರೆದು ಸಹಿ ಹಾಕಬೇಕು.

"ಕಳೆದುಹೋಗಿಲ್ವಲ್ಲ ಸರ್. ಕೊಡ್ಲಿಕ್ಕೆ ಅಂತ ಮೆಟ್ಟಿಲವರೆಗೆ ತಂದಿದ್ರು. ನಾನು ಓ ಅನ್ಲಿಲ್ಲ. ನನ್ನದೇ ತಪ್ಪಿಗೆ ಕಳೆದುಹೋಗಿದೆ ಅಂತ ಹೇಗೆ ಸಹಿ ಹಾಕುದು?"

ಫೈಲಿಗಿಂತ ಆ ಓಗೊಡದ ಕರೆಯೇ ಇವರನ್ನು ತಿನ್ನುತ್ತಿದೆ ಎಂದು ನನಗೆ ಆಗ ಅರ್ಥವಾಯಿತು. ಎಲ್ಲ ಕಳೆದುಕೊಂಡವಳು ಕೊನೆಯದಾಗಿ ಒಂದು ಒಳ್ಳೆಯ ಕೆಲಸ ಮಾಡಲು ಬಂದಾಗ, ತಾನು ಅವಳನ್ನು ಸತ್ತವಳೆಂದುಕೊಂಡೆ ಎನ್ನುವ ಸಂಕಟ ಅದು. ರೂಮ್ ಸೆವೆನ್ನನ್ನು ದಿನವೂ ಮೂರು ಸಲ ಕರೆಯುವುದು ಯಾಕೆ ಎಂದು ಕೇಳಿದ್ದಕ್ಕೆ ಅವರು ಮೆಲ್ಲಗೆ ಹೇಳಿದರು.

"ನಾನು ಮನುಷ್ಯಳೇ ಅಂತ ಅವರಿಗೆ ಗೊತ್ತಾಗ್ಬೇಕಲ್ವಾ?"

ಮಧ್ಯಾಹ್ನ ಪಂಜದ ಮನೆಯಲ್ಲಿ ಪೂವಮ್ಮ ಕಾಫಿ ಕೊಟ್ಟು ಎದುರು ಕೂತರು. ಮಗಳ ಕೆಲಸ ಕಾಯಂ ಆಗದ್ದು ತಮ್ಮಿಂದಲೇ ಎಂಬ ಕೊರಗು ಅವರಿಗೂ ಇದೆ, ಆದರೆ ಸುಮ್ಮನೆ ಸೋಲುವ ಹೆಂಗಸಲ್ಲ. "ನಾನು ಹೇಳಿಕೊಟ್ಟದ್ದು ನಮ್ಮ ಊರಿನ ಕುಲೆಗಳ ಲೆಕ್ಕ ಮಾರಾಯ್ರೆ," ಎಂದರು. "ಆ ಊರಿನವು ಎಷ್ಟು ಸಲ ಕರೀತಾವೆ ಅಂತ ನನಗೆಂತ ಗೊತ್ತುಂಟು?" ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ದನಿ ತಗ್ಗಿಸಿ, "ಆ ಮೇಡಮ್ಮು ಬದುಕಿದ್ದಾರಾ? ನಿಮಗೆ ಎಂತ ಅನಿಸ್ತದೆ?" ಎಂದು ಕೇಳಿದರು. ನಾನು ಕಾಫಿ ಲೋಟ ಎತ್ತಿಕೊಂಡೆ.

ಟೈಲರ್ ಪೋಕರ್ ಕೂಡ ಈ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಶಾಲೆ ಶುರುವಾಗುವ ಕಾಲದಲ್ಲಿ ಯೂನಿಫಾರ್ಮಿನ ಗಡಿಬಿಡಿಗೆ ಅವರೂ ನಸುಕಿಗೇ ಕೆಲಸಕ್ಕೆ ಕೂರುತ್ತಾರೆ. "ಟೀಚರ್ ಆ ಹೆಸರು ಕರೆಯುವಾಗ ನಾನು ಕೆಳಗೆ ಮೆಷಿನ್ ನಿಲ್ಲಿಸ್ತೇನೆ," ಎನ್ನುತ್ತಾರೆ. "ಆಚೆಯಿಂದ ಸಣ್ಣಕ್ಕೆ ಮಾತಾಡಿದ್ರೆ ಕೇಳುದು ಬೇಡವಾ?"

ತೆಗೆದ ಫೋಟೋ ಸರಿ ಬಂದಿರಲಿಲ್ಲ ಎಂಬ ನೆಪದಲ್ಲಿ ಮರುದಿನವೂ ಹೋದೆ. ನೆಪ ಎಂದು ಭವಿತಾಗೂ ಗೊತ್ತಿತ್ತು, ಕುರ್ಚಿ ಎಳೆದು ಕೊಟ್ಟರು.

ಹನ್ನೊಂದು ಹೆಸರುಗಳು ಮುಗಿಯುತ್ತವೆ. ಕೆಳಗೆ ಪೋಕರ್ ಅವರ ಮೆಷಿನ್ ನಿಲ್ಲುತ್ತದೆ. "ರೂಮ್ ಸೆವೆನ್." ಮೌನ. "ರೂಮ್ ಸೆವೆನ್." ಮೌನ. ಮೂರನೆಯ ಸಲ ಕರೆದು ಭವಿತಾ ಚುಕ್ಕೆಯಿಡಲು ಪೆನ್ನು ಊರುವಾಗ, ಕಪ್ಪು ಚೌಕದ ಮೂಲೆಯಲ್ಲಿ ಮೈಕು ಬಂದ್ ಎಂದು ತೋರಿಸುತ್ತಿದ್ದ ಕೆಂಪು ಗೆರೆ ಮಾಯವಾಗುತ್ತದೆ.

ಮೊದಲು ಕೇಳಿಸುವುದು ಬರೀ ಗಾಳಿ. ಯಾವುದೋ ದೊಡ್ಡ ಖಾಲಿ ಜಾಗದಲ್ಲಿ ಸುತ್ತುವ ಗಾಳಿ. ಆಮೇಲೆ ಬಹಳ ದೂರದಲ್ಲಿ ಒಂದೇ ಒಂದು ಸಲ ಕೈಗಂಟೆಯ ಸದ್ದು. ಪರದೆಯ ಮೇಲೆ ಲಿನ್ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

"ಕೋ ಭವಿ."

ಹೆಂಗಸಿನ ದನಿ. ಮುದಿಯೋ, ಸುಸ್ತಾದದ್ದೋ ಹೇಳಲಾಗದು. ನಾನು ಹುಟ್ಟಿದ್ದೂ ಇದೇ ಸೀಮೆಯಲ್ಲಿ, ನನಗರಿವಿಲ್ಲದೆಯೇ ಒಂದು ಎಂದು ಎಣಿಸಿ ಎರಡನೆಯದಕ್ಕೆ ಕಾಯುತ್ತಿದ್ದೇನೆ.

ಭವಿತಾ ಕಾಯುವುದಿಲ್ಲ. "ಓ," ಎನ್ನುತ್ತಾರೆ, ಪಂಜದಲ್ಲಿ ಅಂಗಳದಿಂದ ಕರೆದವರಿಗೆ ಒಳಗಿನಿಂದ ಹೇಳುವಂತೆ, ಗಟ್ಟಿಯಾಗಿ. ಆಮೇಲೆ ಇಂಗ್ಲಿಷಿನಲ್ಲಿ, ಇಲ್ಲಿದ್ದೇನೆ ಮೇಡಂ, ಕೇಳಿಸಿತು, ಎನ್ನುತ್ತಾರೆ.

ಗಾಳಿ ಇನ್ನಷ್ಟು ಹೊತ್ತು ಬೀಸುತ್ತದೆ. ಕೆಂಪು ಗೆರೆ ಮತ್ತೆ ಮೂಡುತ್ತದೆ. ಚೌಕ ಮೊದಲಿನಂತೆ ಕಪ್ಪಾಗಿ, ಮಾತಿಲ್ಲದೆ ಅಲ್ಲೇ ಇರುತ್ತದೆ. ಭವಿತಾ ಹಾಜರಿ ಪುಸ್ತಕ ಹತ್ತಿರ ಎಳೆದುಕೊಂಡು, ಮುನ್ನೂರಕ್ಕೂ ಹೆಚ್ಚು ಚುಕ್ಕೆಗಳ ಆಚೆ ಮೊದಲ ಸಲ ಹಾಜರಿ ಗುರುತು ಹಾಕುತ್ತಾರೆ. ಗುರುತು ಪಕ್ಕದ ದಿನದ ಮನೆಗೂ ಹರಿದಿದೆ. ಪುಟ ತಿರುವಲು ಹೇಳಿ ಪಾಠ ಶುರುಮಾಡುತ್ತಾರೆ.

ಏಳು ಗಂಟೆಗೆ, ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದವರನ್ನು ತಡೆದು ಕೇಳಿದೆ. ಒಂದೇ ಕರೆಗೆ ಓಗೊಟ್ಟಿರಲ್ಲ, ಹೆದರಿಕೆ ಆಗಲಿಲ್ಲವೇ?

ಅವರು ಸ್ಕೂಟರಿನ ಕೀಲಿಕೈ ತಿರುಗಿಸಿ, ಪಂಜದ ದಾರಿಯ ಕಡೆ ನೋಡಿದರು.

"ಕುಲೆಯೇ ಆದ್ರೂ ಅದು ನಮ್ಮ ಮೇಡಮ್ಮೇ ಅಲ್ವಾ ಸರ್."